ಮಾರ್ಟಿನ್ ದೊರೆಯ ಜಾಗ

ಹುಣಸೆಕುಂಟೆಯ ಮುನಿಶಾಮಪ್ಪನಿಗೆ ಸಂಬಳ ಬರುತ್ತಿದ್ದುದು ಚೆಂಡು ಹೊಡೆಯುವುದಕ್ಕೆ. ಇದನ್ನು ನಂಬಲಾರದೆ ಅವನ ಹೆಂಡತಿ ಕದಿರಮ್ಮನ ತವರಿನವರು, ಮದುವೆ ಮಾತುಕತೆಗೆ ಮುಂಚೆ, ಒಂದು ದಿನ ಬುತ್ತಿ ಕಟ್ಟಿಕೊಂಡು ಬಂದು ಕಣ್ಣಾರೆ ನೋಡಿದ್ದರು. ನೋಡಿದ ಮೇಲೂ ನಂಬಿಕೆ ಹುಟ್ಟಲಿಲ್ಲ. ನೇಗಿಲು ಹಿಡಿಯುವುದಿಲ್ಲ, ಮಗ್ಗ ಇಲ್ಲ, ತಕ್ಕಡಿ ಇಲ್ಲ. ತುದಿಯಲ್ಲಿ ಕಬ್ಬಿಣ ಇರುವ ಒಂದು ಕೋಲು ಹಿಡಿದು, ನಿಂಬೆಹಣ್ಣಿನಷ್ಟು ಚೆಂಡನ್ನು ಬಾರಿಸಿದರೆ ತಿಂಗಳಾಗುತ್ತಲೇ ಸಂಬಳ! 'ಯುದ್ಧದ ಕಾಲ, ಏನು ಬೇಕಾದರೂ ಆಗುತ್ತೆ' ಎಂದುಕೊಂಡು ಹೆಣ್ಣು ಕೊಟ್ಟರು.

ದೇವನಹಳ್ಳಿ ಕಡೆಯ ಆ ಊರಿನ ಹಿಂದಿದ್ದ ಗೋಮಾಳವನ್ನು ದೊರೆಗಳು ಆಟದ ಬಯಲು ಮಾಡಿಕೊಂಡಿದ್ದರು. ಆಟದ ಹೆಸರು ಗಾಲ್ಫ್. ಊರವರು ಅದನ್ನು 'ದೊರೆಗಳ ಚಿನ್ನಿದಾಂಡು' ಎಂದು ಕರೆದು ಸುಮ್ಮನಾದರು. ದೂರದಿಂದ ಹೊಡೆದು ಹೊಡೆದು ಚೆಂಡನ್ನು ಒಂದು ಕುಳಿಗೆ ಬೀಳಿಸಬೇಕು, ಅಷ್ಟೇ. ನಮ್ಮ ಬಿಸಿಲಿಗೆ ಹುಲ್ಲು ನಿಲ್ಲುವುದಿಲ್ಲವಾದ್ದರಿಂದ ಪ್ರತಿ ಕುಳಿಯ ಸುತ್ತ ಮರಳಿಗೆ ಎಣ್ಣೆ ಕಲಸಿ ಅಂಗಳದಂತೆ ಸಾರಿಸಿದ್ದರು. ದಿಣ್ಣೆ ಸಮ ಮಾಡಿದರು, ಜಾಲಿ ಕಡಿಸಿದರು. ನಾಲ್ಕನೆಯ ಕುಳಿಯ ದಾರಿಯಲ್ಲಿ ಎಡಕ್ಕೆ ನಿಂತಿದ್ದ ಹೊಂಗೆಮರವನ್ನು ಮಾತ್ರ ಮುಟ್ಟಲಿಲ್ಲ. ಅದರ ಬುಡದಲ್ಲಿ ಸುಣ್ಣ ಬಳಿದ ಮೂರು ಕಲ್ಲುಗಳಿದ್ದವು. ಮುನೇಶ್ವರ. ಮುಟ್ಟಲು ಊರು ಬಿಡಲಿಲ್ಲ.

ಮುನಿಶಾಮಪ್ಪನನ್ನು ಈ ಕೆಲಸಕ್ಕೆ ಹಚ್ಚಿದವನು ಮಾರ್ಟಿನ್ ದೊರೆ. ರಸ್ತೆ ಮಾಡಿಸುವ ಇಂಜಿನಿಯರು, ಹರಕು ಮುರುಕು ಕನ್ನಡ ಕಲಿತವನು, ಕೆಂಪು ಮೋರೆಯ ಒಂಟಿ ಮನುಷ್ಯ. ದನ ಮೇಯಿಸಲು ಬರುತ್ತಿದ್ದ ಮುನಿಶಾಮಪ್ಪನ ಕೈ ನೋಡಿ, ದಂಡಿನ ಕಡೆಯ ಒಬ್ಬ ಮುದಿ ಆಟಗಾರನ ಹತ್ತಿರ ಎರಡು ವರ್ಷ ಬಿಟ್ಟು ಕಲಿಸಿ, ಕರೆತಂದು ಕ್ಲಬ್ಬಿಗೆ ಕಲಿಸುವ ಮೇಷ್ಟ್ರನ್ನಾಗಿ ಮಾಡಿದ. ಮುನಿಶಾಮಪ್ಪ ಕೋಲು ಬೀಸಿದರೆ ನಡುವೆ ಎಲ್ಲೂ ತಡೆಯೇ ಇರಲಿಲ್ಲ. ಬಾವಿಯಿಂದ ಸೇದಿದ ನೀರನ್ನು ತೊಟ್ಟಿಗೆ ಸುರಿದಂತೆ ಒಂದೇ ಸಮನೆ ಹೋಗುತ್ತಿತ್ತು.

ಕಲಿಸಿದವರಲ್ಲೆಲ್ಲ ಅವನ ಕೈಗೆ ಸಿಗದೆ ಉಳಿದವನೆಂದರೆ ಇದೇ ಮಾರ್ಟಿನ್ ದೊರೆ. ಆತ ಕೋಲನ್ನು ಹೆಗಲ ಮೇಲಕ್ಕೆ ಎತ್ತುತ್ತಿದ್ದ, ಎತ್ತಿದವನು ಅಲ್ಲೇ ನಿಲ್ಲುತ್ತಿದ್ದ. ಒಂದು ಉಸಿರಿನಷ್ಟು ಹೊತ್ತು. ಕತ್ತು ಒಂದಿಷ್ಟು ಎಡಕ್ಕೆ ತಿರುಗುತ್ತಿತ್ತು, ಯಾರೋ ಹಿಂದಿನಿಂದ ಹೆಸರು ಹಿಡಿದು ಕರೆದಂತೆ. ಆಮೇಲೆ ಹೊಡೆಯುತ್ತಿದ್ದ. ಚೆಂಡು ನೆಟ್ಟಗೆ ಮುನೇಶ್ವರನ ಮರಕ್ಕೆ.

"ಯಾರೂ ಕರೀಲಿಲ್ಲ, ಹೊಡೀರಿ ದೊರೆ" ಎನ್ನುತ್ತಿದ್ದ ಮುನಿಶಾಮಪ್ಪ.

ದೊರೆ ನಗುತ್ತಿದ್ದ. ಬೇರೆ ದೊರೆಗಳಾಗಿದ್ದರೆ ಕುಣಿಯಲಾರದವಳು ನೆಲ ಡೊಂಕು ಅಂದಂತೆ ಕೋಲನ್ನೋ ಗಾಳಿಯನ್ನೋ ಬಯ್ಯುತ್ತಿದ್ದರು. ಈತ ತನ್ನನ್ನೇ ಬಯ್ದುಕೊಂಡು, ಮತ್ತೆ ಎತ್ತಿ, ಮತ್ತೆ ನಿಲ್ಲುತ್ತಿದ್ದ. ಈ ಒಂದು ನಿಲುಗಡೆಯನ್ನು ಕೀಳಲು ಮುನಿಶಾಮಪ್ಪ ಮಾಡದ ಉಪಾಯವಿಲ್ಲ. ವರ್ಷಗಳು ಹೋದವು, ಅದು ಹೋಗಲಿಲ್ಲ.

ಶನಿವಾರ ಮಧ್ಯಾಹ್ನ ಅಲ್ಲೊಂದು ಸ್ನೇಹದ ಆಟ ನಡೆಯುತ್ತಿತ್ತು. ನಾಲ್ವರು ಒಂದು ಕಡೆ, ನಾಲ್ವರು ಇನ್ನೊಂದು ಕಡೆ. ಬೆಳ್ಳಿ ಕಪ್ಪಿಲ್ಲ, ಬಹುಮಾನವಿಲ್ಲ. ಸೋತವರು ಗೆದ್ದವರಿಗೆ ಬಿಯರ್ ಕುಡಿಸಬೇಕು, ಗೆದ್ದವರು ವಾರವಿಡೀ ಅದನ್ನೇ ಹೇಳಿಕೊಂಡು ತಿರುಗಬೇಕು. ವಾರವೆಲ್ಲ ಬಿಗುಮಾನದಿಂದಿರುವ ದೊರೆಗಳು ಆವತ್ತು ಒಬ್ಬರ ಕಾಲು ಒಬ್ಬರು ಎಳೆಯುತ್ತ, ಒಬ್ಬರ ಹೊಡೆತಕ್ಕೆ ಇನ್ನೊಬ್ಬರು ಅಯ್ಯೋ ಎನ್ನುತ್ತ, ಸಾಯಂಕಾಲದವರೆಗೆ ಕೇಕೆ ಹಾಕುತ್ತಿದ್ದರು. ಮುನಿಶಾಮಪ್ಪ ಕುಳಿಯ ಪಕ್ಕ ಬಾವುಟ ಹಿಡಿದು ನಿಂತಿರುತ್ತಿದ್ದ. ಅವನ ಹೊಟ್ಟೆ ಉರಿಯುತ್ತಿತ್ತು. ಅವನ ಎದುರಿಗೆ ಆಡುವವರು ಯಾರೂ ಇರಲಿಲ್ಲ, ಅವನ ಪಕ್ಕಕ್ಕೂ ಯಾರೂ ಇರಲಿಲ್ಲ. ಒಬ್ಬನೇ ನಿಂತು ಹೊಡೆದರೆ ಅದು ಆಟವೇ? ಹುಣಸೆ ಬಡಿದ ಹಾಗೆ ಅದೂ ಒಂದು ಕೂಲಿ.

ಒಂದು ಶನಿವಾರ ಒಬ್ಬ ದೊರೆಗೆ ಜ್ವರ ಬಂದು ಒಬ್ಬರು ಕಮ್ಮಿಯಾದರು. ಮುನಿಶಾಮಪ್ಪ ಧೈರ್ಯ ಮಾಡಿ ಮಾರ್ಟಿನ್ ದೊರೆಯ ಮುಂದೆ ನಿಂತ.

"ದೊರೆ, ಇವತ್ತೊಂದಿನ ನಾನು ಸೇರ್ಕೊಳ್ಳಲಾ?"

ದೊರೆ ಟೋಪಿ ತೆಗೆದು ತಲೆ ಕೆರೆದುಕೊಂಡ. "ಮುನ್ಸಾಮಿ, ನಿಂದು ಕೆಲಸ. ನಮ್ದು ಆಟ. ಎರಡು ಕೂಡಬಾರದು."

"ಯಾಕೆ ದೊರೆ?"

"ಎಲ್ಲರ ತಪ್ಪು ನಿನಗೆ ಗೊತ್ತು. ನೀನು ಗೆದ್ದರೆ ಅವರಿಗೆ ಸಿಟ್ಟು. ಸೋತರೆ ಬೇಕಂತ ಸೋತ ಅಂತ ಇನ್ನೂ ಸಿಟ್ಟು. ನಿನ್ನ ಅನ್ನ ಹೋಗುತ್ತೆ. ನಾನು ಇರೋ ತನಕ ಬೇಡ."

ಒಳ್ಳೆಯ ಮನಸ್ಸಿನಿಂದಲೇ ಹೇಳಿದ, ಅದರಲ್ಲಿ ಅನುಮಾನವಿಲ್ಲ. ಮಾತಿನಲ್ಲಿ ನ್ಯಾಯವೂ ಇತ್ತು. ನ್ಯಾಯವಿದ್ದ ಮಾತು ಹೆಚ್ಚು ಚುಚ್ಚುತ್ತದೆ, ತಿರುಗಿ ಬಯ್ಯಲು ದಾರಿಯಿರುವುದಿಲ್ಲ.

ಆವತ್ತು ಸಂಜೆ ಮನೆಯ ಜಗುಲಿಯ ಮೇಲೆ ಇದೇ ಪಂಚಾಯ್ತಿ. ಕದಿರಮ್ಮನ ತಮ್ಮ ಬೈರಣ್ಣ ಕ್ಲಬ್ಬಿನಲ್ಲಿ ಮರಳಿಗೆ ಎಣ್ಣೆ ಕಲಸುವ ಕೆಲಸದವನು. ಬಾಯಿ ಸುಮ್ಮನಿರುವ ಗಿರಾಕಿಯಲ್ಲ.

"ದೊರೆ ಹೇಳಿದ್ದೇ ಸರಿ ಭಾವ. ನಮ್ಮೂರ ಭಜನೆಗೆ ನಾಟಕದ ಕಂಪನಿ ಹಾಡುಗಾರನ್ನ ತಂದು ಕೂರಿಸಿದ್ರೆ ಹೆಂಗಿರ್ತದೆ? ಅವನು ಹಾಡ್ತಾನೆ, ನಾವು ಬಾಯಿ ಬಿಟ್ಕೊಂಡು ನೋಡ್ಬೇಕು. ಭಜನೆ ಎಲ್ಲಿ ಉಳೀತು?"

ಮುನಿಶಾಮಪ್ಪ ಕೇಳಿದ: "ಆ ಹಾಡುಗಾರನಿಗೂ ಒಂದಿನ ಸುಮ್ನೆ ದೇವರ ಮುಂದೆ, ನಾಲ್ಕು ಜನದ ಜೊತೆ ಕೂತು ಹಾಡ್ಬೇಕು ಅನ್ಸಲ್ವೇನೋ ಬೈರ?"

ಕದಿರಮ್ಮ ಒಳಗಿನಿಂದ, "ಅನ್ಸಿದ್ರೆ ಭಜನೆಗೇ ಹೋಗಿ ಕೂತ್ಕೊ, ಬೇಡ ಅಂದೋರ್ಯಾರು! ಆ ಬಿಳಿ ಮುಸುಡಿಗಳ ಪಕ್ಕ ನಿಂತ್ರೇನೇ ಮೋಕ್ಷವಾ?" ಎಂದಳು.

ಹೆಂಡತಿಯ ಮಾತು ಕೇಳಿ ಅಲ್ಲಿಗೇ ಬಿಟ್ಟಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಮುನಿಶಾಮಪ್ಪ ಮಾರನೆಯ ಬೆಳಿಗ್ಗೆ ಸ್ನಾನ ಮಾಡಿ ಹೊಂಗೆಮರದ ಬುಡಕ್ಕೆ ಹೋದ. ಕಾಯಿ ಒಡೆದ. ಕೈಮುಗಿದು, ಹೊಟ್ಟೆಯೊಳಗಿನ ಉರಿಯನ್ನೆಲ್ಲ ಬಾಯಿಗೆ ತಂದು ಹೇಳಿದ:

"ಮುನಿಯಪ್ಪಾ, ಆ ನಾಲ್ಕು ಜನದಾಗೆ ಒಂದು ಜಾಗ ನಂಗೆ ಖಾಲಿ ಮಾಡ್ಕೊಡು. ಕೆಂಪು ಹುಂಜ ಕೊಯ್ತೀನಿ."

ನಮ್ಮ ಕಡೆ ಹರಕೆ ಹೊತ್ತ ಮೇಲೆ ಅದು ಬಾಯಿಮಾತಲ್ಲ. ಮನೆಯ ಕೋಳಿಗಳಲ್ಲಿ ಒಂದು ಕೆಂಪು ಹುಂಜವನ್ನು ಹಿಡಿದು ಕಾಲಿಗೆ ಅರಿಶಿನದ ದಾರ ಕಟ್ಟಿ ಬಿಟ್ಟ. ಇನ್ನು ಅದು ಮೀಸಲು. ಮಾರುವಂತಿಲ್ಲ, ನೆಂಟರು ಬಂದರೆ ಕೊಯ್ಯುವಂತಿಲ್ಲ, ಕಾಳಿಗೆ ಬಾಯಿ ಹಾಕಿದರೆ ಬಯ್ಯುವಂತೆಯೂ ಇಲ್ಲ. ದೇವರ ಸಾಲಗಾರನ ಮನೆಯಲ್ಲಿ ದೇವರ ಕೋಳಿ ರಾಜನಂತೆ ತಿರುಗಾಡಿತು.

ಆಮೇಲೆ ಯುದ್ಧ ಬರ್ಮಾದವರೆಗೆ ಬಂತು. ರಸ್ತೆ, ಸೇತುವೆ ಕಟ್ಟುವವರು ಬೇಕೆಂದು ಮಾರ್ಟಿನ್ ದೊರೆಗೆ ಖಾಕಿ ತೊಡಿಸಿ ಕಳಿಸಿದರು. ಹೊರಡುವ ದಿನ ಆತ ತನ್ನ ಕೋಲುಗಳ ಚೀಲವನ್ನು ಮುನಿಶಾಮಪ್ಪನ ಕೈಗಿತ್ತು, "ಎಣ್ಣೆ ಹಚ್ಚು, ತುಕ್ಕು ಹಿಡಿಸಬೇಡ" ಎಂದ. "ಬಂದ ಮೇಲೆ ಆ ನಿಲ್ಲೋದನ್ನ ತೆಗೀತೀಯಾ?" ಎಂದೂ ಕೇಳಿದ.

"ತೆಗೀತೀನಿ ದೊರೆ, ಬನ್ನಿ" ಎಂದ ಮುನಿಶಾಮಪ್ಪ. ಜೀಪು ಹೊರಟಿತು. ತಿರುವಿನಲ್ಲಿ ದೊರೆ ಎಡಕ್ಕೆ ಕತ್ತು ತಿರುಗಿಸಿ ನೋಡಿದ್ದು ಅವನ ಕಣ್ಣಲ್ಲಿ ಉಳಿಯಿತು.

ಮುಂದಿನ ಬೇಸಿಗೆಯಲ್ಲಿ ಕ್ಲಬ್ಬಿನ ಸೆಕ್ರೆಟರಿ, ತೆಳ್ಳಗೆ ಉದ್ದಕ್ಕಿದ್ದ ಒಬ್ಬ ವಯಸ್ಸಾದ ದೊರೆ, ಟೋಪಿಯನ್ನು ಕೈಯಲ್ಲಿ ಹಿಡಿದುಕೊಂಡು ಬಯಲಿಗೆ ಬಂದ. ಮುನಿಶಾಮಪ್ಪ ಕುಳಿಯ ಸುತ್ತ ಮರಳು ಸರಿಮಾಡುತ್ತಿದ್ದ. ಸೆಕ್ರೆಟರಿಗೆ ಕನ್ನಡ ಬರುತ್ತಿದ್ದುದು ಅಷ್ಟಕ್ಕಷ್ಟೆ. "ಮಾರ್ಟಿನ್ ಇಲ್ಲ" ಎಂದ. "ಬರ್ಮಾ. ಖಲಾಸ್." ಅಷ್ಟು ಹೇಳಿ ನಿಂತ, ನಿಂತು, "ಶನಿವಾರ ಒಂದು ಜಾಗ ಖಾಲಿ. ನೀನು ಆಡು" ಎಂದ.

ಖಾಲಿ ಎಂಬ ಮಾತನ್ನು ಸೆಕ್ರೆಟರಿಯ ಬಾಯಲ್ಲಿ ಕೂರಿಸಿದವರು ಯಾರು? ಹೊಂಗೆಮರದ ಕಡೆ ನೋಡಲು ಮುನಿಶಾಮಪ್ಪನಿಗೆ ಧೈರ್ಯ ಬರಲಿಲ್ಲ.

"ಬೇಡ ಸ್ವಾಮಿ" ಎಂದ.

"ಬೇರೆ ಯಾರಿದ್ದಾರೆ? ಎಲ್ಲ ಯುದ್ಧಕ್ಕೆ ಹೋದರು. ಅವನ ಕೋಲಿನಲ್ಲೇ ಆಡು. ಅವನಿಗೆ ಸಂತೋಷ" ಎಂದು ಸೆಕ್ರೆಟರಿ ಹೊರಟುಹೋದ.

ಮನೆಗೆ ಬಂದವನು ಉಣ್ಣಲಿಲ್ಲ. ಕದಿರಮ್ಮ ಕೆದಕಿ ಕೆದಕಿ ಕೇಳಿದ ಮೇಲೆ ಹರಕೆಯ ಮಾತುಗಳನ್ನು ಬಾಯಿಬಿಟ್ಟ. ಅದುವರೆಗೆ ಆ ಹುಂಜ ಮಕ್ಕಳಾಗಲೆಂದು ಬಿಟ್ಟದ್ದು ಎಂದೇ ಅವಳು ತಿಳಿದಿದ್ದಳು.

"ಬಿಡ್ತು ಅನ್ನು" ಎಂದಳು. "ಗುಂಡು ಹಾಕ್ದೋನು ಜಪಾನ್ನೋನು. ನೀನೇನು ಬರ್ಮಾಕ್ಕೆ ಹೋಗಿದ್ಯಾ?"

"ನಾನು ಹೋಗ್ಲಿಲ್ಲ. ಮುನಿಯಪ್ಪಂಗೆ ಬರ್ಮಾ ದೂರವಾ?"

ಹೊರಗೆ ಹಿತ್ತಲಲ್ಲಿ ಹುಂಜ ಹೊತ್ತಲ್ಲದ ಹೊತ್ತಿನಲ್ಲಿ ಕೂಗಿತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಶನಿವಾರ ಬಂತು. ಒಬ್ಬ ದಪ್ಪ ಮೀಸೆಯ ದೊರೆ ಮೊದಲೇ ತಕರಾರು ತೆಗೆದ: ಸಂಬಳ ತಿನ್ನುವವನು ಸ್ನೇಹದ ಆಟಕ್ಕೆ ಬಂದರೆ ಆಟ ಕೆಡುತ್ತದೆ, ಇವನ ಮುಂದೆ ನಾವು ಆಡುವುದಾದರೂ ಯಾಕೆ? ಸೆಕ್ರೆಟರಿ ಸಮಾಧಾನ ಹೇಳಿದ. ಇವರ ಜಗಳ ಮುನಿಶಾಮಪ್ಪನಿಗೆ ಅರ್ಧ ತಿಳಿಯಿತು, ಅರ್ಧ ತಿಳಿಯಲಿಲ್ಲ. ಬಾವುಟ ಹಿಡಿಯಲು ಈ ಸಲ ನಿಂತಿದ್ದ ಬೈರಣ್ಣ ಪಕ್ಕಕ್ಕೆ ಬಂದು, "ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಹುಷಾರು ಭಾವ" ಎಂದು ಪಿಸುಗುಟ್ಟಿದ.

ಮೊದಲ ಮೂರು ಕುಳಿಗಳಲ್ಲಿ ಮುನಿಶಾಮಪ್ಪನ ಕೈ ಅವನ ಕೈಯೇ ಆಗಿತ್ತು. ಚೆಂಡು ಹಾರಿದರೆ ಹಾರಿತು, ಇಳಿದರೆ ಇಳಿಯಬೇಕಾದ ಕಡೆಯೇ. ಅವನ ಕಡೆಯವರು ಕೇಕೆ ಹಾಕಿದರು, ಒಬ್ಬನು ಬೆನ್ನು ತಟ್ಟಿದ. ದೇವರಾಣೆ, ಆ ಹೊತ್ತು ಅವನಿಗೆ ಖುಷಿಯಾಯಿತು. ಸತ್ತವನನ್ನು ಮರೆತ. ಹರಕೆಯನ್ನು ಮರೆತ. ಎದುರಿಗೆ ನಾಲ್ವರು, ಪಕ್ಕದಲ್ಲಿ ಮೂವರು, ನಡುವೆ ತಾನು. ಇದಕ್ಕಾಗಿಯೇ ಅಲ್ಲವೇ ಇಷ್ಟು ವರ್ಷ ಹೊಟ್ಟೆ ಉರಿದದ್ದು! ದಪ್ಪ ಮೀಸೆಯವನು ಮಾತ್ರ ಮುಖ ಗಂಟು ಹಾಕಿಕೊಂಡಿದ್ದ.

ನಾಲ್ಕನೆಯ ಕುಳಿಗೆ ನಿಂತ. ಎಡಕ್ಕೆ ಹೊಂಗೆಮರ. ಕೋಲು ಎತ್ತಿದ. ಹೆಗಲಿನ ಮೇಲೆ ಬಂದ ಕೋಲು ಅಲ್ಲೇ ನಿಂತಿತು.

ಸದ್ದು ಕೇಳಿಸಿತು ಎಂದು ಅವನು ಯಾವತ್ತೂ ಹೇಳಲಿಲ್ಲ. ಯಾರೋ ಕರೆದು ಮುಗಿಸಿದ ಮೇಲೆ ಕಿವಿಯಲ್ಲಿ ಉಳಿಯುತ್ತದಲ್ಲ, ಅಷ್ಟು ಮಾತ್ರ ಇತ್ತು ಎನ್ನುತ್ತಿದ್ದ. ಕತ್ತು ತಾನಾಗಿ ಎಡಕ್ಕೆ ತಿರುಗಿತು. ಅಲ್ಲಿ ಮರವಿತ್ತು, ಮೂರು ಕಲ್ಲುಗಳಿದ್ದವು, ಬೇರೆ ಯಾರೂ ಇರಲಿಲ್ಲ. ಆಮೇಲೆ ಹೊಡೆದ. ಚೆಂಡು ನೆಟ್ಟಗೆ ಹೋಗಿ ಮುನೇಶ್ವರನ ಕಲ್ಲಿಗೆ ಟಣ್ ಎಂದು ಬಡಿಯಿತು.

ಅಲ್ಲಿಂದ ಮುಂದೆ ಎಲ್ಲ ಹೊಡೆತವೂ ಹಾಗೆಯೇ. ಎತ್ತುವುದು, ನಿಲ್ಲುವುದು, ಎಡಕ್ಕೆ ನೋಡುವುದು, ಹೊಡೆಯುವುದು. ಬೇರೆ ಕೋಲು ತೆಗೆದುಕೊಂಡ, ಕಾಲು ಬದಲಿಸಿದ, ಕಣ್ಣು ಮುಚ್ಚಿ ನೋಡಿದ. ಏನೂ ಪ್ರಯೋಜನವಾಗಲಿಲ್ಲ. ಅವನ ಕಡೆಯವರು ಸೋತರು.

ಈಗ ತನ್ನ ಕೆಲಸಕ್ಕೆ ಸಂಚಕಾರ ಬಂತು ಎಂದುಕೊಂಡು ಅವನು ತಲೆ ತಗ್ಗಿಸಿ ನಿಂತ. ಆದದ್ದೇ ಬೇರೆ. ದಪ್ಪ ಮೀಸೆಯ ದೊರೆ ಬಂದು ಅವನ ಕೈ ಹಿಡಿದು ಅಲ್ಲಾಡಿಸಿದ. ಇನ್ನೊಬ್ಬ ಬಿಯರ್ ಗ್ಲಾಸು ಕೊಟ್ಟ. ಸೆಕ್ರೆಟರಿಯ ಕಣ್ಣು ಒದ್ದೆಯಾಗಿತ್ತು. "ಸೇಮ್ ಮಾರ್ಟಿನ್" ಎಂದ. "ಮಾರ್ಟಿನ್ ಬಂದು ಆಡಿದ ಹಾಗೆ! ನಮಗೋಸ್ಕರ ಮಾಡಿದೆಯಲ್ಲವಾ?" ತಮ್ಮ ಸ್ನೇಹಿತನ ನೆನಪಿಗೆಂದು ಇವನು ಬೇಕೆಂದೇ ಹಾಗೆ ಆಡಿ ತೋರಿಸಿದ ಎಂದು ಎಲ್ಲರೂ ನಂಬಿದ್ದರು. ಇನ್ನು ಮುಂದೆ ಪ್ರತಿ ಶನಿವಾರ ಆ ಜಾಗ ನಿನ್ನದೇ ಎಂದು ಕೈಮೇಲೆ ಕೈ ಹಾಕಿ ಹೇಳಿದರು.

ದಾರಿಯಲ್ಲಿ ಬೈರಣ್ಣ ಕೇಳಿದ: "ನಿಜ ಹೇಳು ಭಾವ, ಬೇಕಂತ ಮಾಡಿದ್ಯಾ?"

"ಇಲ್ಲ ಕಣೋ."

ಆವತ್ತಿನಿಂದ ಬೈರಣ್ಣ ಹೊಂಗೆಮರದ ಹತ್ತಿರ ಒಬ್ಬನೇ ಮರಳು ಕಲಸುವುದನ್ನು ಬಿಟ್ಟ.

ಕೇಳಿದ ಜಾಗ ಸಿಕ್ಕಿತು, ಅದರಲ್ಲಿ ನಿಂತವನು ಮಾತ್ರ ಮುನಿಶಾಮಪ್ಪನಾಗಿರಲಿಲ್ಲ. ಯಾರೂ ಇಲ್ಲದ ಹೊತ್ತಿನಲ್ಲಿ ಬಯಲಿಗೆ ಹೋಗಿ ತನ್ನ ಹಳೆಯ ಬೀಸು ಬರುತ್ತದೆಯೇ ಎಂದು ನೋಡುತ್ತಿದ್ದ. ಬರುತ್ತಿರಲಿಲ್ಲ. "ಯಾರೂ ಕರೀಲಿಲ್ಲ, ಹೊಡಿ" ಎಂದು ತನಗೆ ತಾನೇ ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದ. ನಿದ್ದೆಯಲ್ಲೂ ಅದೇ ಮಾತು ಆಡಿ ಕದಿರಮ್ಮನನ್ನು ಎಬ್ಬಿಸುತ್ತಿದ್ದ.

"ಹರಕೆ ತೀರಿಸ್ಬಿಡು, ಎಲ್ಲಾ ಸರಿಹೋಯ್ತದೆ" ಎಂದು ಅವಳು ದಿನವೂ ಹೇಳಿದಳು.

"ಹೆಂಗೆ ತೀರಿಸ್ಲಿ? ಹುಂಜ ಕೊಯ್ದು ರಕ್ತ ಬಿಟ್ರೆ, ಹೌದು ಮುನಿಯಪ್ಪಾ, ನಾನು ಕೇಳಿದ್ದು ಇದನ್ನೇ, ಒಪ್ಕೊಂಡೆ ಅಂದಂಗಾಯ್ತು. ದೊರೇನ ನಾನೇ ಕೊಲ್ಲಿಸ್ದಂಗಾಯ್ತು."

"ತೀರಿಸ್ದಿದ್ರೆ ಮುನಿಯಪ್ಪ ಬಿಡ್ತಾನಾ?"

"ಅದೂ ಗೊತ್ತು."

ಹೀಗೆ ಕೊಯ್ದರೂ ಪಾಪ, ಬಿಟ್ಟರೂ ಪಾಪ ಎಂಬಂತಾಗಿ ಹುಂಜ ಮನೆಯಲ್ಲೇ ಉಳಿಯಿತು. ಅರಿಶಿನದ ದಾರ ಕಾಲಿನಲ್ಲೇ ಕಪ್ಪಾಯಿತು. ಮುನಿಶಾಮಪ್ಪ ಅಂಗಳದಲ್ಲಿ ಕೂತರೆ ಅದು ಎದುರಿಗೆ ಬಂದು ಕತ್ತು ಓರೆ ಮಾಡಿ ಅವನನ್ನು ನೋಡುತ್ತಿತ್ತು. ಅವನೇ ಎದ್ದು ಒಳಗೆ ಹೋಗುತ್ತಿದ್ದ.

ಆ ವರ್ಷದ ಮಹಾಲಯ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಡುವಾಗ ಅವನು ಒಂದು ಎಲೆ ಹೆಚ್ಚಿಗೆ ಹಾಕಿದ. ಅವನಪ್ಪನಿಗೊಂದು, ಅವ್ವನಿಗೊಂದು, ಪಕ್ಕದಲ್ಲಿ ಇನ್ನೊಂದು.

"ಇದ್ಯಾರಿಗೆ?" ಎಂದಳು ಕದಿರಮ್ಮ.

"ದೊರೆಗೆ. ಅವನಿಗೆ ಹೆಂಡ್ರು ಮಕ್ಳು ಯಾರವ್ರೆ ಎಡೆ ಇಡಕ್ಕೆ?"

"ಅಯ್ಯೋ ನಿನ್ನ! ಕಿರಿಸ್ತಾನದೋನು ನಮ್ಮ ಮಾವನ ಪಕ್ಕ ಕೂತು ಮುದ್ದೆ ಉಣ್ತಾನಾ?" ಎಂದು ರೇಗಿದಳು. ರೇಗಿದವಳೇ ಸ್ವಲ್ಪ ಹೊತ್ತಿಗೆ ಅಂಗಡಿಗೆ ಹೋಗಿ, ಸೆರಗಿನಲ್ಲಿ ನಾಲ್ಕು ಬಿಸ್ಕತ್ತು, ಒಂದು ಸಿಗರೇಟು ತಂದು ಆ ಎಲೆಯ ಮೇಲಿಟ್ಟಳು. ಮುನಿಶಾಮಪ್ಪ ಒಂದು ಚೆಂಡನ್ನು ಇಟ್ಟ. ಧೂಪ ಹಾಕಿ ಬಾಗಿಲು ಮುಂದೆ ಮಾಡಿ ಹೊರಗೆ ಕೂತರು. ಬಾಗಿಲು ತೆರೆದಾಗ ಎಲ್ಲವೂ ಇಟ್ಟ ಹಾಗೆಯೇ ಇತ್ತು, ಚೆಂಡು ಮಾತ್ರ ಎಲೆಯಿಂದ ಉರುಳಿ ಎಡಗಡೆ ಗೋಡೆಯ ಹತ್ತಿರ ನಿಂತಿತ್ತು. ನೆಲ ಇಳಿಜಾರು ಎಂದಳು ಕದಿರಮ್ಮ. ಅವನು ಹೂಂ ಎಂದ.

ಯುದ್ಧ ಮುಗಿಯಿತು. ಸ್ವಾತಂತ್ರ್ಯ ಬಂತು. ದೊರೆಗಳು ಒಬ್ಬೊಬ್ಬರಾಗಿ ಹಡಗು ಹತ್ತಿದರು. ಸೆಕ್ರೆಟರಿ ಹೋಗುವಾಗ ಮಾರ್ಟಿನ್ ದೊರೆಯ ಚೀಲ ನೀನೇ ಇಟ್ಟುಕೋ ಎಂದು ಹೇಳಿಹೋದ. ಇನ್ನಾದರೂ ಬಿಡುಗಡೆಯಾಯಿತೇನೋ ಎಂದುಕೊಂಡ ಮುನಿಶಾಮಪ್ಪ. ಬಯಲಿಗೆ ನಮ್ಮವರೇ ಬಂದರು. ದೇವನಹಳ್ಳಿಯ ಒಬ್ಬ ಡಾಕ್ಟರು, ಒಬ್ಬ ಅಮಲ್ದಾರರು, ರೇಷ್ಮೆ ವ್ಯಾಪಾರದ ಒಬ್ಬ ಸಾಹುಕಾರ. ಅವನನ್ನು 'ಮೇಷ್ಟ್ರೇ' ಎಂದು ಕರೆದರು. ಶನಿವಾರದ ಸ್ನೇಹದ ಆಟಕ್ಕೂ, "ಅದೇನು ಭೇದ ಮೇಷ್ಟ್ರೇ, ಬನ್ನಿ, ನೀವೂ ಒಬ್ಬರಾಗಿ" ಎಂದು ತಾವಾಗಿ ಕರೆದರು. ಒಂದು ಕಾಲಕ್ಕೆ ಆ ಮಾತಿಗಾಗಿ ಅವನು ಪ್ರಾಣ ಬಿಡುತ್ತಿದ್ದ.

ಅವರಿಗೆ ಕಲಿಸಿದ. ಬಾಯಲ್ಲಿ ಸರಿಯಾಗಿಯೇ ಹೇಳುತ್ತಿದ್ದ. ಆದರೆ ಕೈಯ ವಿದ್ಯೆಯನ್ನು ಯಾರು ಕಿವಿಯಿಂದ ಕಲಿಯುತ್ತಾರೆ? ಕಣ್ಣಿಂದ ಕಲಿಯುತ್ತಾರೆ. ಆರೇಳು ತಿಂಗಳು ಕಳೆದ ಮೇಲೆ ಒಂದು ಶನಿವಾರ ಡಾಕ್ಟರು ಹೊಡೆಯಲು ನಿಂತರು. ಕೋಲು ಎತ್ತಿದರು. ಅದು ಹೆಗಲ ಮೇಲೆ ನಿಂತಿತು. ಕತ್ತು ಒಂದಿಷ್ಟು ಎಡಕ್ಕೆ ತಿರುಗಿತು.

ಡಾಕ್ಟರ ನಂತರ ಅಮಲ್ದಾರರು ನಿಂತರು. ಅವರೂ ಹಾಗೆಯೇ. ಸಾಹುಕಾರ, ಅವನೂ ಹಾಗೆಯೇ. ಬಯಲಿನುದ್ದಕ್ಕೂ ಪಂಚೆಯವರು, ಪೇಟದವರು, ಕೋಟಿನವರು, ಎಲ್ಲರೂ ಕೋಲೆತ್ತಿ ನಿಂತು, ಕರೆದವರು ಯಾರೆಂದು ಒಂದು ಗಳಿಗೆ ನೋಡಿ, ಆಮೇಲೆ ಹೊಡೆಯುತ್ತಿದ್ದರು. ಮಾರ್ಟಿನ್ ದೊರೆಯನ್ನು ಕಂಡವರು ಅವರಲ್ಲಿ ಒಬ್ಬರೂ ಇರಲಿಲ್ಲ. ಅವನು ಮಾತ್ರ ಅವರೆಲ್ಲರ ಮೈಯಲ್ಲಿ ಆಡುತ್ತಿದ್ದ.

ಮನೆಗೆ ಬಂದು ಕದಿರಮ್ಮನಿಗೆ ಹೇಳಿದ: "ನಾಳೆ ಹುಂಜ ಕೊಯ್ತೀನಿ. ಪಾಪ ನಂಗೆ ಬರ್ಲಿ. ಒಪ್ಕೊಂಡುಬಿಡ್ತೀನಿ. ಏನೂ ಅರೀದ ಜನದ ಮೈಮೇಲೆ ಯಾಕೆ?"

ಬೆಳಿಗ್ಗೆ ಇಬ್ಬರೂ ಹೊಂಗೆಮರದ ಬುಡಕ್ಕೆ ಹೋದರು. ಹುಂಜಕ್ಕೆ ವಯಸ್ಸಾಗಿತ್ತು. ಜುಟ್ಟು ಬಾಡಿತ್ತು, ಒಂದು ಕಣ್ಣು ಮಂಜಾಗಿತ್ತು. ಕದಿರಮ್ಮ ಕಲ್ಲಿಗೆ ನೀರು ಹಾಕಿ ಕುಂಕುಮ ಇಟ್ಟಳು, ಎಲೆಯ ಮೇಲೆ ಅನ್ನ ಬಡಿಸಿದಳು. ಹುಂಜದ ತಲೆಗೆ ತೀರ್ಥ ಚಿಮುಕಿಸಿದಾಗ ಅದು ತಲೆ ಕೊಡವಿತು. ತಲೆ ಕೊಡವಿದರೆ ದೇವರು ಒಪ್ಪಿದ ಎಂದು ಅರ್ಥ.

"ಒಪ್ದ" ಎಂದಳು ಕದಿರಮ್ಮ. ಅವಳ ದನಿಯಿಂದ ಎಷ್ಟೋ ವರ್ಷದ ಭಾರ ಇಳಿದಿತ್ತು.

ಮುನಿಶಾಮಪ್ಪ ಗಟ್ಟಿಯಾಗಿ ಹೇಳಿದ: "ಮುನಿಯಪ್ಪಾ, ಕೇಳಿದ್ದು ನಾನೇ. ಕೊಟ್ಟಿದ್ದು ನೀನೇ. ತಗೋ." ಎಡಗೈಯಲ್ಲಿ ಹುಂಜವನ್ನು ಕಲ್ಲಿಗೆ ಒತ್ತಿ ಹಿಡಿದ. ಬಲಗೈಯಲ್ಲಿ ಮಚ್ಚು ಎತ್ತಿದ.

ಮಚ್ಚು ಹೆಗಲ ಮೇಲೆ ಬಂದು ನಿಂತಿತು. ಅವನ ಕತ್ತು ಮೆಲ್ಲಗೆ ಎಡಕ್ಕೆ ತಿರುಗಿತು.

ಕದಿರಮ್ಮನಿಗೆ ಅಳು ಬಂತು. ಗಂಡನ ಬಾಯಲ್ಲಿ ಎಚ್ಚರದಲ್ಲೂ ನಿದ್ದೆಯಲ್ಲೂ ಸಾವಿರ ಸಲ ಕೇಳಿದ್ದ ಮಾತನ್ನು ಅವಳೇ ಆಡಿದಳು: "ಯಾರೂ ಕರೀಲಿಲ್ಲ ಕಣಯ್ಯಾ. ಹೊಡಿ."

"ಕರೀತಾವ್ನೆ ಕಣೆ" ಎಂದ ಮುನಿಶಾಮಪ್ಪ. "ಆ ನಿಲ್ಲೋದನ್ನ ತೆಗೀತೀಯಾ ಅಂತ ಕೇಳ್ತಾವ್ನೆ. ತೆಗೀತೀನಿ ಬಾ ಅಂದಿದ್ದೆ ನಾನು."

ಎಡಗೈ ಸಡಿಲವಾಯಿತು. ಹುಂಜ ಕೊಸರಿಕೊಂಡು ಕೆಳಗಿಳಿದು, ಮೈ ಜಾಡಿಸಿ, ಎಲೆಯ ಮೇಲಿನ ಅನ್ನವನ್ನು ಹೆಕ್ಕತೊಡಗಿತು.